ಸೇರಿದ ಮೇಲೆ ಏನು? ಪ್ರೇಮ-ಫ್ಯಾಂಟಸಿಯ ಎರಡನೇ ಭಾಗವನ್ನು ಓದುವ ಬಗೆ

ಎಲ್ಲರಿಗೂ ನಮಸ್ಕಾರ.

ನಾವೆಲ್‌ಗೆ ನಾವು ‘ಕಾದಂಬರಿ’ ಎನ್ನುತ್ತೇವೆ. ಈ ಮಾತು ಮೂಲದಲ್ಲಿ ಒಬ್ಬ ಗಂಧರ್ವ ರಾಜಕುಮಾರಿಯ ಹೆಸರು. ಏಳನೇ ಶತಮಾನದಲ್ಲಿ, ಹರ್ಷವರ್ಧನನ ಕಾಲದ ಬಾಣಭಟ್ಟ ಬರೆದ ಸಂಸ್ಕೃತ ಗದ್ಯಕಾವ್ಯದ ನಾಯಕಿ ಅವಳು. ಕಥೆ ಹೇಳುವ ಗಿಳಿ, ಕಿನ್ನರರ ಬೆನ್ನು ಹತ್ತಿ ದಾರಿ ತಪ್ಪುವ ರಾಜಕುಮಾರ, ಸತ್ತ ಪ್ರಿಯನಿಗಾಗಿ ಸರೋವರದ ದಡದಲ್ಲಿ ತಪಸ್ಸು ಮಾಡುತ್ತಾ ಕಾಯುವ ಮಹಾಶ್ವೇತೆ, ಶಾಪ, ಜನ್ಮಾಂತರ ಎಲ್ಲವೂ ಅದರಲ್ಲಿವೆ. ಇವತ್ತಿನ ಓದುಗರು ‘ರೊಮ್ಯಾಂಟಸಿ’ ಎಂದು ಕರೆಯುವ, ಪ್ರೇಮವೂ ಫ್ಯಾಂಟಸಿಯೂ ಬೆರೆತ ಬಗೆ ಇದೇ. ಆಕ್ಸ್‌ಫರ್ಡ್‌ನ ವರ್ಷದ ಪದದ ಅಂತಿಮ ಪಟ್ಟಿಗೆ ಆ ಪದ ಬಂದದ್ದು 2024ರಲ್ಲಿ. ಬಗೆ ಮಾತ್ರ ಬಹಳ ಹಳೆಯದು.

ಇವತ್ತಿನ ನಮ್ಮ ವಿಷಯಕ್ಕೆ ಈ ಕೃತಿ ಬೇಕಾಗುವುದು ಬೇರೊಂದು ಕಾರಣಕ್ಕೆ. ಬಾಣ ಇದನ್ನು ಮುಗಿಸಲಿಲ್ಲ. ಸೇವಕಿ ಪತ್ರಲೇಖೆ ಆ ರಾಜಕುಮಾರ ಚಂದ್ರಾಪೀಡನ ಬಳಿಗೆ ಬಂದು ಕಾದಂಬರಿಯ ಮನಸ್ಸಿನಲ್ಲಿರುವುದನ್ನು ಹೇಳುತ್ತಿರುವಾಗ, ನಡು ಮಾತಿನಲ್ಲೇ ಅವನ ಬರಹ ನಿಂತಿತು. ಮುಂದಿನದನ್ನು ಬರೆದವನು ಮಗ ಭೂಷಣಭಟ್ಟ. ತಂದೆಯ ಜೊತೆಗೇ ಕಥೆಯೂ ಕಡಿದುಹೋಯಿತು, ಅದು ಅರ್ಧಕ್ಕೆ ನಿಂತಿತಲ್ಲ ಎಂಬ ಸಜ್ಜನರ ದುಃಖ ನೋಡಿ ಕೈ ಹಾಕಿದ್ದೇನೆ, ಕವಿಯೆಂಬ ಗರ್ವದಿಂದಲ್ಲ ಎಂದು ಉತ್ತರಭಾಗದ ಆರಂಭದಲ್ಲೇ ಹೇಳಿಕೊಂಡಿದ್ದಾನೆ. ಮುಂದೆ ನಾಗವರ್ಮ ಈ ಕಥೆಯನ್ನು ಗದ್ಯ ಪದ್ಯ ಬೆರೆತ ಚಂಪೂ ರೂಪದಲ್ಲಿ ಕನ್ನಡಕ್ಕೆ ತಂದ.

ಉತ್ತರಭಾಗದಲ್ಲಿ ಭೂಷಣಭಟ್ಟ ಮಾಡಿದ್ದೇನು ಗಮನಿಸಿ. ಪೂರ್ವಭಾಗದ ಸೊಗಸೆಲ್ಲ ಇರುವುದು ಮೊದಲ ನೋಟದಲ್ಲಿ, ಹೇಳಲಾಗದ ಆಸೆಯಲ್ಲಿ. ಉತ್ತರಭಾಗದಲ್ಲಿ ಚಂದ್ರಾಪೀಡ ಎದೆಯೊಡೆದು ಸಾಯುತ್ತಾನೆ. ಅವನ ದೇಹ ಕೆಡುವುದಿಲ್ಲ, ಅದನ್ನು ಕಾಪಾಡು ಎಂದು ಆಕಾಶವಾಣಿಯಾಗುತ್ತದೆ. ನೋಟ ಎತ್ತಲೂ ನಾಚುತ್ತಿದ್ದ ಕಾದಂಬರಿ ಆ ದೇಹದ ಪಕ್ಕ ಕೂತು ಕಾಯುತ್ತಾಳೆ. ‘ಇವರು ಸೇರುತ್ತಾರಾ?’ ಎಂದು ಕೇಳುತ್ತಿದ್ದ ಕಥೆ ಈಗ ‘ಈ ಪ್ರೀತಿ ಏನನ್ನು ತಾಳಬಲ್ಲದು?’ ಎಂದು ಕೇಳತೊಡಗುತ್ತದೆ. ಒಳ್ಳೆಯ ಸೀಕ್ವೆಲ್ ಅನ್ನುವುದು ಇದನ್ನೇ. ಪ್ರಶ್ನೆ ಬದಲಾಗಿದೆ ಎಂದು ಗೊತ್ತಿಲ್ಲದೆ ಕೂತವರಿಗೆ ಎರಡನೇ ಭಾಗ ಸಪ್ಪೆಯಾಗಿ ಕಾಣುತ್ತದೆ. ಮೊದಲ ಭಾಗದಲ್ಲಿ ಕೈಗೆ ಕೈ ತಾಗಿದಾಗ ಆದ ರೋಮಾಂಚನವನ್ನೇ ಇಲ್ಲೂ ಹುಡುಕುತ್ತಾರೆ. ಇಲ್ಲಿ ಕೈ ತಾಗುವುದು ನೂರನೇ ಸಲ. ಇಲ್ಲಿಯ ರೋಮಾಂಚನ ಬರುವುದು ನೆನಪಿನಿಂದ.

ಮೊದಲು ಒಂದು ತಯಾರಿ. ಕೈಯಲ್ಲಿರುವುದು ಎಂಥ ಎರಡನೇ ಭಾಗ ಎಂದು ತಿಳಿದುಕೊಳ್ಳಿ. ಅದೇ ಜೋಡಿಯ ಕಥೆ ಮುಂದುವರಿಯುವುದು ಒಂದು ಬಗೆ. ಅದೇ ಲೋಕ, ಆದರೆ ನಾಯಕಿಯ ತಂಗಿಯೋ ನಾಯಕನ ಗೆಳೆಯನೋ ಹೊಸ ಜೋಡಿಯಾಗುವುದು ಇನ್ನೊಂದು. ಎರಡನೆಯ ಬಗೆಯಲ್ಲಿ ಹಳೆಯ ಜೋಡಿ ಬದಿಗೆ ಸರಿದು ನೆರೆಮನೆಯವರ ಹಾಗೆ ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತದೆ. ಇದು ಗೊತ್ತಿಲ್ಲದೆ ಓದಿದರೆ ಪ್ರತಿ ಅಧ್ಯಾಯದಲ್ಲೂ ‘ಅವರೆಲ್ಲಿ?’ ಎಂದು ಕಾಯುತ್ತಾ ಎದುರಿಗಿರುವ ಜೋಡಿಯನ್ನು ಕಳೆದುಕೊಳ್ಳುತ್ತೀರಿ. ತಿಳಿಯುವುದು ಸುಲಭ. ಅಧ್ಯಾಯದ ತಲೆಯಲ್ಲಿ ನಿರೂಪಕರ ಹೆಸರು ಹಾಕುವ ಪುಸ್ತಕವಾದರೆ ಮೊದಲ ಎರಡು ಅಧ್ಯಾಯಗಳ ತಲೆ ನೋಡಿದರೆ ಸಾಕು. ಸರಣಿ ಎರಡೇ ಭಾಗದ್ದೋ, ಮೂರರದ್ದೋ, ಅದಕ್ಕಿಂತ ಉದ್ದವೋ ಎಂಬುದೂ ಗೊತ್ತಿರಲಿ. ಎರಡರಲ್ಲಿ ಎರಡನೆಯದಾದರೆ ಗಂಟುಗಳೆಲ್ಲ ಬಿಚ್ಚಿಕೊಳ್ಳುತ್ತವೆ. ಮೂರರಲ್ಲಿ ಎರಡನೆಯದಾದರೆ ಗಂಟು ಬಿಗಿಯಾಗುವುದೇ ಅದರ ಕೆಲಸ. ಮುಕ್ತಾಯ ನಿರೀಕ್ಷಿಸಿ ಓದಿದವರಿಗೆ ಮೋಸವಾದಂತೆ ಅನ್ನಿಸುವುದು ಸಹಜ. ಎರಡು ಭಾಗಗಳ ನಡುವೆ 1.5 ಎಂಬ ಸಂಖ್ಯೆ ಹೊತ್ತ ಕಿರುಕಾದಂಬರಿ ಇದ್ದರೆ ಅದನ್ನೂ ಮೊದಲೇ ಓದಿ. ಗಾತ್ರ ಚಿಕ್ಕದಾದರೂ ಎರಡನೇ ಭಾಗಕ್ಕೆ ಬೇಕಾದ ಒಂದು ಪಾತ್ರವೋ ಒಂದು ಸಾವೋ ಅದರಲ್ಲಿ ಇರುವುದುಂಟು.

ಮೊದಲ ಭಾಗವನ್ನು ಪೂರ್ತಿ ಮತ್ತೆ ಓದಬೇಕಾ? ಪುಟಕ್ಕೆ ಎರಡು ನಿಮಿಷ ಎಂದು ಹಿಡಿದರೆ 600 ಪುಟಕ್ಕೆ 20 ಗಂಟೆ. ಬಿಡುವಿದ್ದರೆ ಓದಿ, ಅದರಂಥದ್ದು ಬೇರೆ ಇಲ್ಲ. ಇಲ್ಲದಿದ್ದರೆ ಆರಿಸಿ ಓದಿ. ಮೊದಲ ಅಧ್ಯಾಯ, ನಾಯಕ ನಾಯಕಿಯ ಮೊದಲ ಭೇಟಿ, ಮಾಂತ್ರಿಕ ಶಕ್ತಿಯ ನಿಯಮವನ್ನೂ ಅದಕ್ಕೆ ತೆರಬೇಕಾದ ಬೆಲೆಯನ್ನೂ ವಿವರಿಸುವ ಜಾಗ, ನಡುವಿನ ದೊಡ್ಡ ತಿರುವು, ಕೊನೆಯ ಮೂರು ಅಧ್ಯಾಯ. ಎಲ್ಲ ಸೇರಿ 120 ಪುಟ ಆದೀತು, ನಾಲ್ಕು ಗಂಟೆಯ ಕೆಲಸ. ಬೇರೆಯವರು ಬರೆದಿಟ್ಟ ಕಥಾಸಾರಾಂಶ ಇದಕ್ಕೆ ಬದಲಿಯಲ್ಲ. ಸಾರಾಂಶದಲ್ಲಿ ಏನಾಯಿತು ಎಂಬುದು ಸಿಗುತ್ತದೆ, ಯಾವ ಮಾತಿನಲ್ಲಿ ಆಯಿತು ಎಂಬುದು ಸಿಗುವುದಿಲ್ಲ. ಈ ಬಗೆಯ ಕಥೆಗಳಲ್ಲಿ ಶಾಪ, ಆಣೆ, ಭವಿಷ್ಯವಾಣಿ ಇವೆಲ್ಲ ನಿಂತಿರುವುದೇ ಪದಗಳ ಮೇಲೆ. ‘ಸೂರ್ಯ ಮುಳುಗುವ ತನಕ ನಿನ್ನ ಜೊತೆ ಇರುತ್ತೇನೆ’ ಎಂಬ ಆಣೆಗೂ ‘ಯಾವಾಗಲೂ ಇರುತ್ತೇನೆ’ ಎಂಬ ಆಣೆಗೂ ಸಾರಾಂಶದಲ್ಲಿ ಒಂದೇ ಸಾಲು: ‘ಜೊತೆಗಿರುವುದಾಗಿ ಆಣೆ ಇಟ್ಟ’. ಎರಡನೇ ಭಾಗದ ತಿರುವೆಲ್ಲ ಆ ‘ಮುಳುಗುವ ತನಕ’ದಲ್ಲೇ ಅಡಗಿರಬಹುದು.

ಆರಿಸಿ ಓದುವಾಗಲೇ ಒಂದು ಹಾಳೆ ತೆಗೆದಿಟ್ಟುಕೊಳ್ಳಿ. ಹತ್ತು ಹದಿನೈದು ಸಾಲು ಸಾಕು. ಯಾರಿಗೆ ಯಾವ ಗುಟ್ಟು ಗೊತ್ತು, ಯಾರಿಗೆ ಗೊತ್ತಿಲ್ಲ ಎಂಬುದನ್ನು ಬರೆಯಿರಿ. ಓದುಗರಾಗಿ ನಮಗೆ ಎಲ್ಲ ಗೊತ್ತಿರುವುದರಿಂದ ಪಾತ್ರಗಳಿಗೂ ಗೊತ್ತಿದೆ ಎಂದುಕೊಳ್ಳುವುದು ಎರಡನೇ ಭಾಗದಲ್ಲಿ ಆಗುವ ಅತಿ ಸಾಮಾನ್ಯ ತಪ್ಪು. ಆಣೆಗಳನ್ನು ಅಕ್ಷರಶಃ ಇಳಿಸಿಕೊಳ್ಳಿ. ಶಕ್ತಿಯ ನಿಯಮ ಮತ್ತು ಬೆಲೆ ಒಂದೆರಡು ಸಾಲು. ಇನ್ನೊಂದು ವಿಷಯವನ್ನು ಹೆಚ್ಚಿನವರು ಬರೆದುಕೊಳ್ಳುವುದೇ ಇಲ್ಲ: ಆ ಜೋಡಿಯ ನಡುವಿನ ಸಣ್ಣ ಸಂಗತಿಗಳು. ಅವನು ಅವಳನ್ನು ಕರೆಯುವ ಅಡ್ಡಹೆಸರು, ಅವಳು ಮುಟ್ಟಲು ಬಿಡದ ಹಳೆಯ ಗಾಯದ ಗುರುತು, ಜಗಳವಾದಾಗ ಯಾರು ಮೊದಲು ಮಾತು ಬಿಡುತ್ತಾರೆ. ಎರಡನೇ ಭಾಗ ಈ ಸಣ್ಣವುಗಳಿಂದಲೇ ಮಾತನಾಡುತ್ತದೆ.

ಹೇಗೆಂದು ಹತ್ತಿರದಿಂದ ನೋಡೋಣ. ಇದಕ್ಕೆಂದೇ ಕಟ್ಟಿಕೊಂಡ ಒಂದು ಕಥೆ. ಇಳಾ ಗಾಯ ಮುಚ್ಚಬಲ್ಲ ಹೆಣ್ಣು. ಅವಳು ಅಂಗೈ ಇಟ್ಟರೆ ಗಾಯ ಕೂಡಿಕೊಳ್ಳುತ್ತದೆ, ಆದರೆ ಪ್ರತಿ ಗಾಯಕ್ಕೂ ಅವಳದೊಂದು ನೆನಪು ಹೋಗುತ್ತದೆ. ಯಾವ ನೆನಪು ಎಂಬುದು ಅವಳ ಕೈಯಲ್ಲಿಲ್ಲ. ಗಾಯ ಎಷ್ಟು ಆಳವೋ ಹೋಗುವ ನೆನಪೂ ಅಷ್ಟೇ ಆಳದ್ದು. ಈ ನಿಯಮವನ್ನು ಅವಳ ಗುರು ಮೊದಲ ಭಾಗದ 70ನೇ ಪುಟದ ಸುಮಾರಿಗೆ ಎರಡೇ ಸಾಲಿನಲ್ಲಿ ಹೇಳಿ ಮುಗಿಸುತ್ತಾನೆ. ಕೇತು ಗಡಿ ಕಾಯುವ ದಳಪತಿ. ಒಂದು ರಾತ್ರಿ ದೋಣಿಯಲ್ಲಿ ಇಬ್ಬರೂ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಕೊನೆಯಲ್ಲಿ ಕೇತುವಿನ ಎದೆಗೆ ಈಟಿ ನಾಟುತ್ತದೆ, ಇಳಾ ಅವನನ್ನು ಉಳಿಸಿಕೊಳ್ಳುತ್ತಾಳೆ, ಇಬ್ಬರೂ ಸೇರುತ್ತಾರೆ. ಪುಸ್ತಕ ಮುಗಿಯಿತು. ಆ ಕೊನೆಯ ಗಾಯಕ್ಕೆ ಅವಳು ಏನು ತೆತ್ತಳು ಎಂದು ಎಲ್ಲೂ ಹೇಳಿಲ್ಲ.

ಎರಡನೇ ಭಾಗದ 40ನೇ ಪುಟ. ಊಟಕ್ಕೆ ಕೂತಿದ್ದಾರೆ. ‘ಆ ದೋಣಿಯ ರಾತ್ರಿ ನೆನಪಿದೆಯಾ?’ ಎಂದು ಕೇತು ನಗುತ್ತಾನೆ. ಮುಂದಿನ ಎರಡು ವಾಕ್ಯ: ‘ಇಳಾ ಅವನ ಮುಖ ನೋಡಿದಳು. ಆಮೇಲೆ ನಕ್ಕಳು.’

ನಿಯಮ ಮರೆತವರಿಗೆ ಇದು ಗಂಡ ಹೆಂಡತಿಯ ಸರಸದ ಒಂದು ಚಿಕ್ಕ ಸನ್ನಿವೇಶ, ಸ್ವಲ್ಪ ನೀರಸವೂ ಹೌದು. ಹಾಳೆಯಲ್ಲಿ ‘ಗಾಯದಷ್ಟೇ ಆಳದ ನೆನಪು’ ಎಂದು ಬರೆದುಕೊಂಡವರಿಗೆ ಆ ‘ಆಮೇಲೆ’ ಎಂಬ ಮಾತಿನ ಹತ್ತಿರ ಎದೆ ಧಸಕ್ಕೆನ್ನುತ್ತದೆ. ಅವಳು ಮೊದಲು ಅವನ ಮುಖ ನೋಡಿದಳು, ಅಲ್ಲಿ ನಗು ಕಂಡಳು, ಆ ನಗುವನ್ನೇ ತಿರುಗಿ ಕೊಟ್ಟಳು. ದೋಣಿಯ ರಾತ್ರಿ ಅವಳೊಳಗೆ ಇಲ್ಲ. ಲೇಖಕಿ ಒಂದು ಅಕ್ಷರವನ್ನೂ ವಿವರಿಸುವುದಿಲ್ಲ, ವಿವರಿಸಿದರೆ ಕೆಟ್ಟುಹೋಗುತ್ತದೆ. ಇಂಥ ಒಂದು ವಾಕ್ಯದ ಸುಖಕ್ಕೆ ನಾಲ್ಕು ಗಂಟೆಯ ತಯಾರಿ ಹೆಚ್ಚಲ್ಲ.

ಹೀಗಾಗಿ ಮೊದಲ 50, 60 ಪುಟಗಳನ್ನು ನಿಧಾನ ಓದಿ. ಹೊಸ ಓದುಗರಿಗೂ ಹಳಬರಿಗೂ ನೆನಪು ಮಾಡಿಕೊಡಲು ಹಿಂದಿನ ಕಥೆಯನ್ನು ಲೇಖಕರು ಇಲ್ಲಿ ತುರುಕಲೇಬೇಕಾಗುತ್ತದೆ, ಹಾಗಾಗಿ ಓಟ ಕುಂಟುತ್ತದೆ. ಗೊತ್ತಿರುವ ಕಥೆ ಎಂದು ಹಾರಿಸಬೇಡಿ. ಹಿಂದಿನ ಘಟನೆಗಳಲ್ಲಿ ಯಾವುದನ್ನು ಎತ್ತಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಎಂದು ನೋಡಿ. ಎತ್ತಿದ್ದು ಮುಂದೆ ಕೆಲಸಕ್ಕೆ ಬರುತ್ತದೆ. ಹಾಳೆಯಲ್ಲಿದ್ದೂ ಇಲ್ಲಿ ಸುದ್ದಿಯೇ ಇಲ್ಲದ ದೊಡ್ಡ ವಿಷಯ ಇದ್ದರೆ ಅದು ಇನ್ನೂ ಮುಖ್ಯ, ಸಿಡಿಯಲೆಂದೇ ಅದನ್ನು ಮುಚ್ಚಿಟ್ಟಿರುತ್ತಾರೆ.

ಇನ್ನು ಎಲ್ಲರ ದೂರು ಇರುವ ಜಾಗಕ್ಕೆ ಬರೋಣ. ಪುಸ್ತಕದ ಕಾಲು ಭಾಗ ದಾಟುವ ಹೊತ್ತಿಗೆ ಜೋಡಿ ಬೇರೆಯಾಗುತ್ತದೆ. ಒಬ್ಬರು ಸೆರೆಯಾಗುತ್ತಾರೆ, ದೂರ ಹೋಗುತ್ತಾರೆ, ಮುನಿಸಿಕೊಳ್ಳುತ್ತಾರೆ. ‘ಅಷ್ಟು ಕಷ್ಟಪಟ್ಟು ಸೇರಿಸಿ ಮತ್ತೆ ಯಾಕೆ ಬೇರೆ ಮಾಡಬೇಕು?’ ಪ್ರೇಮಕಥೆಗೆ ಎಳೆತ ಬರುವುದು ಅಂತರದಿಂದ, ಆದ್ದರಿಂದ ಅಂತರ ಬೇಕೇ ಬೇಕು. ಆದರೆ ಎಲ್ಲ ಅಂತರವೂ ಒಂದೇ ತೂಕದ್ದಲ್ಲ. ಇಬ್ಬರೂ ಐದು ನಿಮಿಷ ಎದುರು ಕೂತು ನಿಜ ಮಾತಾಡಿದರೆ ಈ ಸಮಸ್ಯೆ ಮುಗಿಯುತ್ತದೆಯೇ ಎಂದು ನೋಡಿ. ಮುಗಿಯುವುದಾದರೆ ಅದು ಪುಟ ತುಂಬಿಸಲು ಮಾಡಿದ ಅಂತರ. ಬೇಸರ ಬರುವುದು ನ್ಯಾಯ, ಆ ಪುಟಗಳನ್ನು ಬೇಗ ದಾಟಿಸಿ. ನಿಜ ಹೇಳಿದರೆ ಸಮಸ್ಯೆ ಇನ್ನೂ ಹೆಚ್ಚುವುದಾದರೆ ಅದು ಗಟ್ಟಿ ಅಂತರ. ಇಳಾ ತನ್ನ ಮರೆವನ್ನು ಕೇತುವಿಗೆ ಹೇಳಿದಳು ಎನ್ನಿ. ಆ ಕ್ಷಣದಿಂದ ಅವನು ತನ್ನ ಗಾಯ ಮುಟ್ಟಲು ಅವಳನ್ನು ಬಿಡುವುದಿಲ್ಲ, ಯುದ್ಧ ಎದುರಿಗಿದೆ, ಅವನು ಸಾಯುತ್ತಾನೆ. ಹೇಳದಿದ್ದರೆ ಅವನು ಬದುಕುತ್ತಾನೆ, ಅವಳು ಅವನನ್ನು ಒಂದೊಂದೇ ದಿನವಾಗಿ ಮರೆಯುತ್ತಾ ಹೋಗುತ್ತಾಳೆ. ಇಲ್ಲಿ ಮೌನವೂ ಪ್ರೀತಿಯೇ. ಇಂಥ ಕಡೆ ಒಂದು ಪುಟವನ್ನೂ ಹಾರಿಸಬಾರದು.

ಮೂರನೇ ವ್ಯಕ್ತಿ ಬಂದರೂ ಇದೇ ಅಳತೆ. ಹೊಸಬ ಬಂದದ್ದು ಹೊಟ್ಟೆಕಿಚ್ಚು ಹುಟ್ಟಿಸಲಿಕ್ಕೆ ಮಾತ್ರವೋ, ಜೋಡಿಯಲ್ಲಿ ಇಲ್ಲದ್ದೊಂದನ್ನು ತೋರಿಸಲಿಕ್ಕೋ? ಎರಡನೆಯದಾದರೆ ಅವನು ಸೋತು ಹೋದ ಮೇಲೂ ಅವನು ತೋರಿಸಿದ ಕೊರತೆ ಕಥೆಯಲ್ಲಿ ಉಳಿಯುತ್ತದೆ.

ಇನ್ನೊಂದು ದೊಡ್ಡ ಜಗಳ, ಹಳೆಯ ಸತ್ಯವನ್ನು ತಿರುಗಿಸಿ ಹಾಕುವುದು. ಕೇತುವಿಗೆ ಈ ಬೆಲೆಯ ವಿಷಯ ಮೊದಲಿನಿಂದಲೂ ಗೊತ್ತಿತ್ತು ಎಂದು ಎರಡನೇ ಭಾಗ ಹೇಳಿಬಿಟ್ಟರೆ? ಅದು ಬಚ್ಚಿಟ್ಟದ್ದು ಹೊರಬಂದದ್ದೋ, ಲೇಖಕಿ ಈಗ ಹೊಸದಾಗಿ ಅಂಟಿಸಿದ್ದೋ? ಮೊದಲ ಭಾಗಕ್ಕೆ ಹೋಗಿ ಹುಡುಕಿ. ಅವಳು ಅವನ ಗಾಯದ ಕಡೆಗೆ ಕೈ ಚಾಚಿದಾಗ ಅವನು ಒಂದು ಸಲವಾದರೂ ಹಿಂದೆ ಸರಿದಿದ್ದನೇ? ‘ಬೇಡ, ಬಿಡು’ ಎಂದಿದ್ದನೇ? ಆಗ ಅದು ಗಂಡಸಿನ ಬಿಗುಮಾನದ ಹಾಗೆ ಕಂಡಿರಬಹುದು. ಅಂಥ ಎರಡು ಜಾಗ ಸಿಕ್ಕರೆ ಲೇಖಕಿ ಮೊದಲೇ ಬಿತ್ತಿದ್ದಾರೆ, ನಿಮಗೆ ಮೊದಲ ಪುಸ್ತಕ ಎರಡನೇ ಸಲ ಹೊಸದಾಗಿ ಸಿಕ್ಕಿತು. ಒಂದೂ ಸಿಗದಿದ್ದರೆ ಅದು ತೇಪೆ. ಈ ಹುಡುಕಾಟಕ್ಕೆ ಇ-ಪುಸ್ತಕ ಬಹಳ ಅನುಕೂಲ, ಹೆಸರೋ ‘ಗಾಯ’ ಎಂಬ ಮಾತೋ ಹಾಕಿ ಹುಡುಕಿದರೆ ಸಂಬಂಧಪಟ್ಟ ಸಾಲುಗಳು ಸಾಲಾಗಿ ಬರುತ್ತವೆ. ಆದರೆ ಎರಡನೇ ಭಾಗ ಓದುತ್ತಿರುವಾಗ ಅದೇ ಪುಸ್ತಕದೊಳಗೆ ಹೆಸರು ಹಾಕಿ ಹುಡುಕಲು ಹೋಗಬೇಡಿ. ಮುಂದಿನ ಪುಟಗಳ ಸಾಲುಗಳೂ ಕಾಣಿಸಿ, ಯಾರು ಸಾಯುತ್ತಾರೆಂಬುದು ಅಲ್ಲೇ ಗೊತ್ತಾಗಿಬಿಡುತ್ತದೆ. ಕೊನೆಯಲ್ಲಿರುವ ಪದಕೋಶ, ಪಾತ್ರಗಳ ಪಟ್ಟಿ, ಪರಿವಿಡಿಯ ಅಧ್ಯಾಯದ ಹೆಸರುಗಳು ಇವುಗಳಿಂದಲೂ ಸ್ಪಾಯ್ಲರ್ ಆಗುತ್ತದೆ. ‘ರಾಣಿ’ ಎಂಬ ವಿಶೇಷಣ ಒಂದು ಹೆಸರಿನ ಮುಂದೆ ಕಂಡರೆ ಮುನ್ನೂರು ಪುಟದ ಕುತೂಹಲ ಹೋಯಿತು.

ನಾಯಕಿಯ ಕಣ್ಣಿನಿಂದಲೇ ನಡೆದ ಕಥೆಗೆ ಎರಡನೇ ಭಾಗದಲ್ಲಿ ನಾಯಕನ ನಿರೂಪಣೆಯೂ ಸೇರುವುದುಂಟು. ಮೊದಲ ಭಾಗದಲ್ಲಿ ಅವನ ಸೆಳೆತವೆಲ್ಲ ಅವನ ಮನಸ್ಸಿನಲ್ಲಿ ಏನಿದೆ ಎಂದು ಗೊತ್ತಾಗದಿದ್ದುದರಲ್ಲಿತ್ತು, ಈಗ ಆ ಪರದೆ ಸರಿಯಿತು, ಅವನು ಸಾಮಾನ್ಯ ಮನುಷ್ಯನಾದ. ಇದು ನಷ್ಟವೇ. ಅದಕ್ಕೆ ಬದಲಾಗಿ ಸಿಗುವುದು ಬೇರೆ: ಒಂದೇ ಘಟನೆಯನ್ನು ಇಬ್ಬರೂ ಹೇಳುವಾಗ ಮಾತುಗಳು ಎಲ್ಲಿ ಹೊಂದುವುದಿಲ್ಲ ಎಂಬುದು. ಅವಳು ‘ಅವನು ಕೋಪಗೊಂಡಿದ್ದ’ ಎನ್ನುತ್ತಾಳೆ, ಅವನ ಅಧ್ಯಾಯದಲ್ಲಿ ಅದು ಹೆದರಿಕೆ. ಈ ಬಿರುಕುಗಳನ್ನು ಹಿಡಿಯಬೇಕಾದರೆ ಒಬ್ಬರ ಅಧ್ಯಾಯ ಮುಗಿದಲ್ಲಿ ಪುಸ್ತಕ ಮುಚ್ಚದೆ ಇನ್ನೊಬ್ಬರ ಅಧ್ಯಾಯದ ಎರಡು ಪುಟ ಓದಿ ನಿಲ್ಲಿಸಿ.

ನಿಲ್ಲಿಸುವ ಮಾತು ಬಂದದ್ದರಿಂದ ಹೇಳಬೇಕು. ಅಧ್ಯಾಯದ ಕೊನೆ ನಿಲ್ಲಿಸುವ ಜಾಗ ಎಂಬುದು ಹಳೆಯ ಅಭ್ಯಾಸ. ಈ ಬಗೆಯ ಪುಸ್ತಕಗಳಲ್ಲಿ ಅಧ್ಯಾಯದ ಕೊನೆಗೇ ಕೊಕ್ಕೆ ಹಾಕಿರುತ್ತಾರೆ. ಬಾಗಿಲು ತೆರೆಯುತ್ತದೆ, ಒಳಗೆ ಯಾರಿದ್ದಾರೆ ಎಂದು ಹೇಳುವುದಿಲ್ಲ. ಅಲ್ಲಿ ನಿಲ್ಲಿಸಲಾಗದೆ ರಾತ್ರಿ ಎರಡು ಗಂಟೆಯವರೆಗೆ ಓದಿ, ಮಾರನೇ ದಿನ ಓದಿದ್ದು ಮಸುಕು ಮಸುಕಾಗಿ ನೆನಪಿರುವುದು ಎಷ್ಟೋ ಜನರ ಪಾಡು. ಅಧ್ಯಾಯದ ನಡುವೆ, ಒಂದು ಸನ್ನಿವೇಶ ತಣ್ಣಗಾದ ಜಾಗದಲ್ಲಿ ನಿಲ್ಲಿಸಿ. ದಿನಕ್ಕೆ 60 ಪುಟ ಎಂದರೆ ಎರಡು ಗಂಟೆ, 600 ಪುಟಕ್ಕೆ ಹತ್ತು ದಿನ. ಕೊನೆಯ 100 ಪುಟಗಳನ್ನು ಮಾತ್ರ ಒಡೆಯಬೇಡಿ, ಮೂರೂವರೆ ಗಂಟೆಯ ಬಿಡುವು ಮಾಡಿಕೊಂಡು ಒಂದೇ ಕೂರಿಗೆ ಓದಿ. ಯುದ್ಧದ ಪುಟಗಳನ್ನು ಹಾರಿಸಿ ಪ್ರೇಮದ ಪುಟಗಳಿಗೆ ಬರುವವರೂ ಇದ್ದಾರೆ, ಅದರ ತಿರುಗುಮುರುಗು ಮಾಡುವವರೂ ಇದ್ದಾರೆ. ಎರಡೂ ನಷ್ಟ. ಯಾರನ್ನು ಉಳಿಸಲು ಯಾರು ಯಾವ ಕಡೆ ತಿರುಗಿದರು ಎಂಬ ಪ್ರೇಮದ ತೀರ್ಮಾನ ಯುದ್ಧದ ನಡುವೆಯೇ ಆಗಿರುತ್ತದೆ.

ಆಡಿಯೋಬುಕ್ ಕೇಳುವವರು ವೇಗದ ಕಡೆ ಗಮನ ಕೊಡಿ. ಪ್ರಯಾಣ, ಯುದ್ಧದ ವಿವರಣೆ 1.25ರಲ್ಲಿ ನಡೆಯುತ್ತದೆ. ಇಬ್ಬರ ಮಾತುಕತೆಗೆ ಬಂದಾಗ 1ಕ್ಕೆ ಇಳಿಸಿ. ‘ಇಳಾ ಅವನ ಮುಖ ನೋಡಿದಳು. ಆಮೇಲೆ ನಕ್ಕಳು.’ ಆ ಎರಡು ವಾಕ್ಯಗಳ ನಡುವಿನ ಮೌನವನ್ನು ಪುಸ್ತಕಕ್ಕೆ ದನಿ ಕೊಟ್ಟವರು ಲೆಕ್ಕ ಹಾಕಿ ಇಟ್ಟಿರುತ್ತಾರೆ, ವೇಗ ಏರಿಸಿದರೆ ಮೊದಲು ಕರಗುವುದು ಅದೇ.

ಕೊನೆ ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದರ ಬಗ್ಗೆ ಒಂದು ಮಾತು. ಪ್ರೇಮಕಾದಂಬರಿಯ ಓದುಗರಿಗೂ ಲೇಖಕರಿಗೂ ನಡುವೆ ಒಂದು ಒಪ್ಪಂದವಿದೆ, ಜೋಡಿ ಕೊನೆಗೆ ಸುಖವಾಗಿರುತ್ತದೆ ಎಂದು. ಸರಣಿಯಲ್ಲಿ ಈ ಒಪ್ಪಂದ ಕೊನೆಯ ಭಾಗಕ್ಕೆ ಅನ್ವಯಿಸುತ್ತದೆ, ನಡುವಿನ ಭಾಗಕ್ಕಲ್ಲ. ನಡುವಿನ ಭಾಗ ಕ್ಲಿಫ್‌ಹ್ಯಾಂಗರ್‌ನಲ್ಲಿ, ಅಂದರೆ ಮುಂದೇನೆಂದು ಹೇಳದ ಕುತೂಹಲದ ತುದಿಯಲ್ಲಿ, ನಿಂತರೆ ಒಪ್ಪಂದ ಮುರಿಯಿತು ಎಂದುಕೊಳ್ಳಬೇಕಿಲ್ಲ. ಆದರೆ ಒಳ್ಳೆಯ ನಡುಭಾಗ ಒಂದು ಗಂಟನ್ನಾದರೂ ಪೂರ್ತಿ ಬಿಚ್ಚಿ, ಇನ್ನೊಂದನ್ನು ಬಿಗಿದು ನಿಲ್ಲಿಸುತ್ತದೆ. ಏನನ್ನೂ ಬಿಚ್ಚದೆ ನಿಂತರೆ ದೂರಲು ನಿಮಗೆ ಹಕ್ಕಿದೆ. ಓದಿ ಮುಗಿಸಿದ ದಿನವೇ, ಹೊಸ ಹಾಳೆಯಲ್ಲಿ ಉಳಿದ ಪ್ರಶ್ನೆಗಳನ್ನು ಐದಾರು ಸಾಲಿನಲ್ಲಿ ಬರೆದು, ಪುಟಸಂಖ್ಯೆ ಸಮೇತ, ಪುಸ್ತಕದ ಕೊನೆಯ ರಟ್ಟಿನೊಳಗೆ ಇಟ್ಟುಬಿಡಿ. ಮುಂದಿನ ಭಾಗ ಬರಲು ವರ್ಷವಾದರೂ ಆಗಬಹುದು. ಆಗ ತಯಾರಿಯ ಅರ್ಧ ಕೆಲಸ ಅಲ್ಲೇ ಸಿದ್ಧವಾಗಿರುತ್ತದೆ.

ಭಾಷಣದ ಕೊನೆಯಲ್ಲಿ ಸಭೆಯಿಂದ ಒಂದು ಪ್ರಶ್ನೆ ಬಂತು: ಮೊದಲ ಭಾಗ ಓದದೆ ಎರಡನೆಯದನ್ನು ಓದಬಹುದೇ?

ಎರಡನೇ ಭಾಗದ್ದು ಬೇರೊಂದು ಜೋಡಿಯ ಕಥೆಯಾದರೆ ಧಾರಾಳವಾಗಿ ಓದಬಹುದು, ಲೋಕದ ಪರಿಚಯಕ್ಕೆ ಮೊದಲ 60 ಪುಟ ಸ್ವಲ್ಪ ತಿಣುಕಬೇಕಾಗುತ್ತದೆ, ಅಷ್ಟೆ. ಅದೇ ಜೋಡಿಯಾದರೆ ಬೇಡ. ಕಥೆ ಅರ್ಥವಾಗುತ್ತದೆ, ಆದರೆ ಊಟದ ಹೊತ್ತಿನಲ್ಲಿ ಕೇತು ದೋಣಿಯ ರಾತ್ರಿಯ ಮಾತೆತ್ತಿದಾಗ, ಆ ರಾತ್ರಿ ನಿಮಗೂ ಗೊತ್ತಿರುವುದಿಲ್ಲ, ಇಳಾಗೂ ಗೊತ್ತಿರುವುದಿಲ್ಲ. ಆ ಮೇಜಿನಲ್ಲಿ ಅದನ್ನು ನೆನಪಿಟ್ಟುಕೊಂಡವನು ಕೇತು ಒಬ್ಬನೇ ಆಗಿಬಿಡುತ್ತಾನೆ.